ನಾಲ್ಕಡಿ ತಂತಿಯ ಲೆಕ್ಕ: ಸೀಮೋರ್ ಕ್ರೇ ಮತ್ತು ಸೂಪರ್‌ಕಂಪ್ಯೂಟರ್

ಸೂಪರ್‌ಕಂಪ್ಯೂಟರಿಗೆ ರೂಪ ಕೊಟ್ಟವರಲ್ಲಿ ಮೊದಲ ಹೆಸರು ಅಮೆರಿಕದ ಎಂಜಿನಿಯರ್ ಸೀಮೋರ್ ಕ್ರೇ ಅವರದು. 1960ರ ದಶಕದ ನಡುವಿನಿಂದ ಸುಮಾರು ಕಾಲು ಶತಮಾನ, ಜಗತ್ತಿನ ಅತಿ ವೇಗದ ಕಂಪ್ಯೂಟರ್ ಬಹುಮಟ್ಟಿಗೆ ಅವರ ಕೈಯಿಂದಲೋ ಅವರು ಕಟ್ಟಿದ ಕಂಪನಿಯಿಂದಲೋ ಬಂದದ್ದಾಗಿರುತ್ತಿತ್ತು. ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ 1925ರ ಸೆಪ್ಟೆಂಬರ್ 28ರಂದು ಅವರು ಹುಟ್ಟಿದರು. ತಂದೆ ಸಿವಿಲ್ ಎಂಜಿನಿಯರ್. ಮಗನ ಒಲವು ಕಂಡು ಮನೆಯ ನೆಲಮಾಳಿಗೆಯನ್ನು ಅವನ ಪ್ರಯೋಗಗಳಿಗೆ ಬಿಟ್ಟುಕೊಟ್ಟಿದ್ದರು. ಹತ್ತು ವರ್ಷದ ಆಸುಪಾಸಿನಲ್ಲೇ ಕ್ರೇ ಆಟಿಕೆಯ ಲೋಹದ ಪಟ್ಟಿಗಳನ್ನು ಜೋಡಿಸಿ, ತೂತು ಹೊಡೆದ ಕಾಗದವನ್ನು ಓದಿ ಮೋರ್ಸ್ ಸಂಕೇತ ಹೊರಡಿಸುವ ಸಾಧನವೊಂದನ್ನು ಮಾಡಿದ್ದರು.

1943ರಲ್ಲಿ ಹೈಸ್ಕೂಲು ಮುಗಿಯುತ್ತಿದ್ದಂತೆ ಸೈನ್ಯದ ಕರೆ ಬಂತು. ಯುರೋಪಿನಲ್ಲಿ ರೇಡಿಯೋ ಕೆಲಸ, ಆಮೇಲೆ ಫಿಲಿಪ್ಪೀನ್ಸ್‌ನಲ್ಲಿ ಜಪಾನಿ ಸೇನೆಯ ಗುಪ್ತ ಸಂದೇಶಗಳನ್ನು ಬಿಡಿಸುವ ಕೆಲಸ. ಯುದ್ಧ ಮುಗಿದ ಮೇಲೆ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, 1951ರಲ್ಲಿ ಅನ್ವಯಿಕ ಗಣಿತದ ಸ್ನಾತಕೋತ್ತರ ಪದವಿ ಪಡೆದರು. ಲೆಕ್ಕ ಹೇಗೆ ನಡೆಯಬೇಕು, ಅದನ್ನು ನಡೆಸುವ ಸರ್ಕ್ಯೂಟ್ ಹೇಗಿರಬೇಕು ಎಂಬ ಎರಡನ್ನೂ ಒಬ್ಬರೇ ಯೋಚಿಸಬಲ್ಲವರಾದದ್ದು ಈ ಎರಡು ಓದುಗಳಿಂದ. ಮುಂದೆ ಅವರ ಯಂತ್ರಗಳಿಗೆ ಬಂದ ಹೊಂದಿಕೆ ಇಲ್ಲಿಂದಲೇ ಬಂದದ್ದು.

ಮೊದಲ ನೌಕರಿ ಸೇಂಟ್ ಪಾಲ್ ನಗರದ ಎಂಜಿನಿಯರಿಂಗ್ ರಿಸರ್ಚ್ ಅಸೋಸಿಯೇಟ್ಸ್‌ನಲ್ಲಿ. ಯುದ್ಧಕಾಲದಲ್ಲಿ ನೌಕಾಪಡೆಗಾಗಿ ಗೂಢಲಿಪಿ ಬಿಡಿಸುತ್ತಿದ್ದವರು ಸೇರಿ, ಗ್ಲೈಡರ್ ವಿಮಾನ ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಯಲ್ಲಿ ಕಟ್ಟಿದ್ದ ಸಂಸ್ಥೆ ಅದು. ಅಲ್ಲಿ ತಯಾರಾದ 1103 ಎಂಬ ಕಂಪ್ಯೂಟರಿನ ಕೆಲಸದಲ್ಲಿ ಕ್ರೇ ಪಾಲ್ಗೊಂಡರು. ಸಂಸ್ಥೆ ಕೈ ಬದಲಾಗುತ್ತಾ ಸ್ಪೆರ್ರಿ ರ‍್ಯಾಂಡ್ ಎಂಬ ದೊಡ್ಡ ಕಂಪನಿಯ ಪಾಲಾಯಿತು. ಅದರಿಂದ ಬೇಸತ್ತ, ಹಳೆಯ ಸಂಸ್ಥೆಯ ಮುಖ್ಯಸ್ಥರಲ್ಲೊಬ್ಬರಾದ ವಿಲಿಯಂ ನಾರಿಸ್ ಮತ್ತು ಸಂಗಡಿಗರು 1957ರಲ್ಲಿ ಹೊರಬಂದು ಕಂಟ್ರೋಲ್ ಡೇಟಾ ಕಾರ್ಪೊರೇಷನ್ ಆರಂಭಿಸಿದರು. ಕೈಯಲ್ಲಿದ್ದ ನೌಕಾಪಡೆಯ ಕೆಲಸ ಮುಗಿಸಿಕೊಂಡು ಕ್ರೇ ಕೂಡ ಅವರನ್ನು ಸೇರಿಕೊಂಡರು.

ಹೊಸ ಕಂಪನಿಗೆ ಹಣದ ಮುಗ್ಗಟ್ಟು. ಕ್ರೇ ಅಗ್ಗಕ್ಕೆ ಸಿಗುತ್ತಿದ್ದ, ಗುಣದಲ್ಲಿ ಏರುಪೇರಿದ್ದ ಟ್ರಾನ್ಸಿಸ್ಟರುಗಳನ್ನು ತಂದು, ಆ ಏರುಪೇರನ್ನು ತಾಳಿಕೊಳ್ಳುವಂಥ ಸರ್ಕ್ಯೂಟುಗಳನ್ನು ರೂಪಿಸಿದರು. ಪ್ರಯೋಗಕ್ಕೆಂದು ಮೊದಲು ಒಂದು ಪುಟ್ಟ ಯಂತ್ರ, ಅದರ ಅನುಭವದಿಂದ 48 ಬಿಟ್‌ನ 1604. ನಿರ್ವಾತ ನಳಿಕೆಗಳನ್ನು ಪೂರ್ತಿ ಕೈಬಿಟ್ಟು ಟ್ರಾನ್ಸಿಸ್ಟರ್ ಮೇಲೆಯೇ ನಿಂತ ಈ ಕಂಪ್ಯೂಟರ್ 1960ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿದ್ದ ನೌಕಾಪಡೆಯ ಶಾಲೆಗೆ ಹೋಯಿತು. ಕಂಪನಿ ಉಳಿದುಕೊಂಡಿತು.

ಗೆಲುವಿನ ಬೆನ್ನಿಗೆ ಮೀಟಿಂಗು, ವರದಿ, ಆಡಳಿತದ ಕಿರಿಕಿರಿಗಳೂ ಬಂದವು. ಕ್ರೇಗೆ ಇವು ಯಾವುವೂ ಒಗ್ಗಲಿಲ್ಲ. ತಮ್ಮೂರಾದ ಚಿಪ್ಪೆವಾ ಫಾಲ್ಸ್‌ನಲ್ಲೇ ಪ್ರಯೋಗಾಲಯ ಬೇಕೆಂದು ಕೇಳಿದರು, ನಾರಿಸ್ ಒಪ್ಪಿದರು. 1962ರಲ್ಲಿ ಕ್ರೇ ಮನೆಯ ಹತ್ತಿರವೇ ಕಟ್ಟಡ ಎದ್ದಿತು. ಚೌಕಳಿ ಗೆರೆಯ ಹಾಳೆ, ಪೆನ್ಸಿಲ್ಲು, ಅಡ್ಡಿ ಮಾಡುವವರಿಲ್ಲದ ರಾತ್ರಿಗಳು: ಕ್ರೇ ಕೆಲಸ ಮಾಡುತ್ತಿದ್ದದ್ದು ಇಷ್ಟರಲ್ಲೇ. ಯಂತ್ರದ ತರ್ಕವನ್ನೆಲ್ಲ ಬೂಲಿಯನ್ ಸಮೀಕರಣಗಳಾಗಿ ಕೈಯಲ್ಲೇ ಬರೆಯುತ್ತಿದ್ದರು.

ಈ ಪ್ರಯೋಗಾಲಯದಿಂದ 1964ರಲ್ಲಿ ಹೊರಬಂದ 6600, ಸೂಪರ್‌ಕಂಪ್ಯೂಟರ್ ಎನಿಸಿಕೊಂಡ ಮೊದಲ ಯಂತ್ರವೆಂದು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ಅದುವರೆಗೆ ಎಲ್ಲರಿಗಿಂತ ಮುಂದಿದ್ದ ಐಬಿಎಂ ಕಂಪನಿಯ ಸ್ಟ್ರೆಚ್ ಯಂತ್ರಕ್ಕಿಂತ ಇದು ಸುಮಾರು ಮೂರು ಪಟ್ಟು ವೇಗವಾಗಿತ್ತು. ಅದಕ್ಕೆ ಮೂರು ಕಾರಣಗಳಿದ್ದವು. ಮೊದಲನೆಯದು, ಜರ್ಮೇನಿಯಂ ಬದಲು ಆಗಷ್ಟೇ ಬಂದಿದ್ದ ಸಿಲಿಕಾನ್ ಟ್ರಾನ್ಸಿಸ್ಟರುಗಳು. ಎರಡನೆಯದು, ಕೆಲಸದ ಹಂಚಿಕೆ. ಟೇಪು, ಪ್ರಿಂಟರುಗಳ ಜೊತೆ ವ್ಯವಹರಿಸುವ ಉಪದ್ರವವನ್ನು ಹತ್ತು ಸಣ್ಣ ಸಹಾಯಕ ಪ್ರೊಸೆಸರುಗಳಿಗೆ ವಹಿಸಿ, ಮುಖ್ಯ ಪ್ರೊಸೆಸರನ್ನು ಲೆಕ್ಕಕ್ಕೆ ಮಾತ್ರ ಮೀಸಲಿಡಲಾಯಿತು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮುಖ್ಯ ಪ್ರೊಸೆಸರಿನೊಳಗೆ ಕೂಡುವುದಕ್ಕೆ, ಗುಣಿಸುವುದಕ್ಕೆ, ಭಾಗಿಸುವುದಕ್ಕೆ ಎಂದು ಹತ್ತು ಬೇರೆ ಬೇರೆ ಘಟಕಗಳಿದ್ದು, ಒಂದರ ಕೆಲಸ ಮುಗಿಯುವ ಮುನ್ನವೇ ಇನ್ನೊಂದು ತನ್ನದನ್ನು ಶುರುಮಾಡಬಹುದಿತ್ತು. ಯಾವ ಘಟಕ ಖಾಲಿ ಇದೆ, ಯಾವ ಉತ್ತರಕ್ಕಾಗಿ ಯಾವುದು ಕಾಯುತ್ತಿದೆ ಎಂದು ನೋಡಿಕೊಳ್ಳುವ ವ್ಯವಸ್ಥೆಗೆ ಸ್ಕೋರ್‌ಬೋರ್ಡ್ ಎಂದು ಹೆಸರು. ಅದನ್ನು ರೂಪಿಸಿದವರು ಕ್ರೇ ಅವರ ಸಹೋದ್ಯೋಗಿ ಜೇಮ್ಸ್ ಥಾರ್ನ್‌ಟನ್. ಕ್ರೇ ಹೆಸರಿನ ನೆರಳಲ್ಲಿ ಥಾರ್ನ್‌ಟನ್ ಹೆಸರು ಮಸುಕಾಗಿರುವುದು ನ್ಯಾಯವಲ್ಲ. ಒತ್ತೊತ್ತಾಗಿ ತುಂಬಿದ ಟ್ರಾನ್ಸಿಸ್ಟರುಗಳ ಕಾವು ಇಳಿಸಲು ಫ್ರಿಯಾನ್ ಹರಿಯುವ ಕೊಳವೆಗಳನ್ನು ಯಂತ್ರದೊಳಗೇ ಹಾಯಿಸಲಾಗಿತ್ತು. ಇದು ಫ್ರಿಜ್‌ಗಳ ತಂತ್ರ, ಅದನ್ನು ತಂದವರೂ ಶೈತ್ಯೀಕರಣದ ಹಿನ್ನೆಲೆಯಿದ್ದ ಡೀನ್ ರೌಷ್.

6600 ಪ್ರಕಟವಾದಾಗ ಐಬಿಎಂ ಅಧ್ಯಕ್ಷ ಥಾಮಸ್ ವಾಟ್ಸನ್ ಜೂನಿಯರ್ 1963ರ ಆಗಸ್ಟ್‌ನಲ್ಲಿ ತಮ್ಮ ಅಧಿಕಾರಿಗಳಿಗೆ ಬರೆದ ಟಿಪ್ಪಣಿ ಪ್ರಸಿದ್ಧ. ಕಸ ಗುಡಿಸುವವರನ್ನೂ ಸೇರಿಸಿ 34 ಜನರಿರುವ ಪ್ರಯೋಗಾಲಯ ಇದನ್ನು ಮಾಡಿದೆ, ನಮ್ಮಷ್ಟು ದೊಡ್ಡ ಸಂಸ್ಥೆ ಹಿಂದೆ ಬಿದ್ದದ್ದು ಹೇಗೆ ಎಂಬುದು ಅದರ ಸಾರ. ಐಬಿಎಂ ಇನ್ನೂ ಸಿದ್ಧವಾಗದ ಯಂತ್ರವನ್ನು ಘೋಷಿಸಿ ಗಿರಾಕಿಗಳನ್ನು ತಡೆದಿಟ್ಟಿತೆಂದು ಕಂಟ್ರೋಲ್ ಡೇಟಾ 1968ರಲ್ಲಿ ದಾವೆ ಹೂಡಿತು. 1973ರಲ್ಲಿ ರಾಜಿಯಾಯಿತು, ಲಾಭ ಕಂಟ್ರೋಲ್ ಡೇಟಾಕ್ಕೇ ಆಯಿತು.

ಆಮೇಲಿನ 7600 ಕೂಡ ತನ್ನ ಕಾಲದಲ್ಲಿ ಎಲ್ಲಕ್ಕಿಂತ ವೇಗದ್ದು, ಆದರೆ ಆಗಾಗ ಕೈಕೊಡುತ್ತಿತ್ತು. 8600 ಮುಗಿಯಲೇ ಇಲ್ಲ. ಬಿಡಿಭಾಗಗಳ ಸಂಖ್ಯೆ ವಿಪರೀತವಾಗಿ, ಒಂದಲ್ಲ ಒಂದು ಸದಾ ಕೆಡುತ್ತಿತ್ತು. ಹೊಸದಾಗಿ ಮೊದಲಿಂದ ಶುರುಮಾಡಲು ಕ್ರೇ ಹಣ ಕೇಳಿದರು, ಕಂಪನಿಯ ಬಳಿ ಇರಲಿಲ್ಲ. 1972ರಲ್ಲಿ ಅವರು ಹೊರಬಂದು ಕ್ರೇ ರಿಸರ್ಚ್ ಸ್ಥಾಪಿಸಿದರು. ಮನಸ್ತಾಪವಿಲ್ಲದೆ ಬೇರಾದ್ದರಿಂದ ನಾರಿಸ್ ಹೊಸ ಕಂಪನಿಯಲ್ಲಿ ಬಂಡವಾಳವನ್ನೂ ಹೂಡಿದರು.

ಕ್ರೇ ಬದುಕಿನ ಅತ್ಯುತ್ತಮ ಕೃತಿ 1976ರ ಕ್ರೇ-1. ಈ ಯಂತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಹವಾಮಾನ ಮುನ್ಸೂಚನೆ, ವಿಮಾನದ ರೆಕ್ಕೆಯ ಮೇಲಿನ ಗಾಳಿ, ಪರಮಾಣು ಸ್ಫೋಟದ ಲೆಕ್ಕ ಇವೆಲ್ಲದರಲ್ಲೂ ಒಂದೇ ಬಗೆಯ ಗಣಿತವನ್ನು ಸಾವಿರಾರು ಸಂಖ್ಯೆಗಳ ಮೇಲೆ ಮತ್ತೆ ಮತ್ತೆ ನಡೆಸಬೇಕು. ಹೀಗೆ ಸಾಲಾಗಿ ಬರುವ ಸಂಖ್ಯೆಗಳೇ ವೆಕ್ಟರ್. ಕಂಟ್ರೋಲ್ ಡೇಟಾದ ಸ್ಟಾರ್-100 ಯಂತ್ರ ವೆಕ್ಟರುಗಳನ್ನು ನೇರ ಮೆಮೊರಿಯಿಂದ ಎಳೆದು ಮೆಮೊರಿಗೇ ಹಿಂತಿರುಗಿಸುತ್ತಿತ್ತು. ಸಾಲು ಉದ್ದವಿದ್ದರೆ ಸರಿ, ಚಿಕ್ಕದಾದರೆ ಸಿದ್ಧತೆಗೇ ಸಮಯ ಹೋಗುತ್ತಿತ್ತು. ಬಿಡಿ ಸಂಖ್ಯೆಗಳ ಲೆಕ್ಕದಲ್ಲಂತೂ ಅದು ತೀರ ನಿಧಾನ. ಕ್ರೇ ಪ್ರೊಸೆಸರಿನೊಳಗೇ 64 ಸಂಖ್ಯೆ ಹಿಡಿಯುವ ಎಂಟು ವೆಕ್ಟರ್ ರಿಜಿಸ್ಟರುಗಳನ್ನಿಟ್ಟರು. ಸಂಖ್ಯೆಗಳನ್ನು ಒಮ್ಮೆ ಅಲ್ಲಿಗೆ ತಂದರೆ ಸಾಕು, ಹತ್ತಾರು ಲೆಕ್ಕಗಳನ್ನು ಅಲ್ಲೇ ಮುಗಿಸಿ ಉತ್ತರವನ್ನಷ್ಟೇ ಮೆಮೊರಿಗೆ ಕಳಿಸಬಹುದು. ಮನೆಗೆ ತಾರಸಿ ಹಾಕುವಾಗ ಸಾಲಾಗಿ ನಿಂತವರು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವಂತೆ, ಗುಣಾಕಾರದ ಘಟಕದಿಂದ ಹೊರಬಿದ್ದ ಪ್ರತಿಯೊಂದು ಉತ್ತರವೂ ಉಳಿದವುಗಳಿಗೆ ಕಾಯದೆ ಸಂಕಲನದ ಘಟಕಕ್ಕೆ ದಾಟುತ್ತಿತ್ತು. ಚೈನಿಂಗ್ ಎಂಬ ಈ ಉಪಾಯದಿಂದ ಯಂತ್ರ ಸೆಕೆಂಡಿಗೆ 16 ಕೋಟಿ ಲೆಕ್ಕಗಳ ಗರಿಷ್ಠ ವೇಗ ಮುಟ್ಟಬಲ್ಲದಾಗಿತ್ತು. ಬಿಡಿ ಸಂಖ್ಯೆಗಳಲ್ಲೂ ಅದು ಚುರುಕಾಗಿದ್ದದ್ದರಿಂದ ಯಾವ ಬಗೆಯ ಪ್ರೋಗ್ರಾಮು ಕೊಟ್ಟರೂ ತಿಣುಕುತ್ತಿರಲಿಲ್ಲ.

ಇನ್ನು ಅದರ ಮೈಕಟ್ಟು. ಯಂತ್ರದ ಒಂದು ಮಿಡಿತಕ್ಕೆ 12.5 ನ್ಯಾನೊಸೆಕೆಂಡ್. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸಾಗುವುದು ಸುಮಾರು ಒಂದು ಅಡಿ, ತಂತಿಯಲ್ಲಿ ಸಂಕೇತದ ಓಟ ಅದಕ್ಕಿಂತ ಕಡಿಮೆ. ಹಾಗಾಗಿ ತಂತಿ ಉದ್ದವಾದಷ್ಟೂ ಯಂತ್ರ ನಿಧಾನ. ಕ್ರೇ ಬೋರ್ಡುಗಳನ್ನು ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿದ ಕಂಬವಾಗಿ ನಿಲ್ಲಿಸಿ, ತಂತಿಗಳೆಲ್ಲ ಒಳಮೈಯಲ್ಲಿ ಹಾಯುವಂತೆ ಮಾಡಿದರು. ಯಾವ ತಂತಿಯೂ ನಾಲ್ಕು ಅಡಿ ಮೀರುವಂತಿರಲಿಲ್ಲ. ನೋಡಿದವರ ಕಣ್ಣಿಗೆ ಶಿಲ್ಪದಂತೆ ಕಂಡ ಆ ಆಕಾರ ಹುಟ್ಟಿದ್ದು ಈ ಅಳತೆಯಿಂದ. ಕಂಬದ ಬುಡದಲ್ಲಿ ಸುತ್ತಲೂ ಮೆತ್ತೆ ಹಾಕಿದ ಬೆಂಚು, ಅದರೊಳಗೆ ವಿದ್ಯುತ್ ಸರಬರಾಜಿನ ಸಲಕರಣೆ. ಸಂಕೇತಗಳು ಕರಾರುವಾಕ್ಕಾದ ಸಮಯಕ್ಕೆ ಮುಟ್ಟಬೇಕಾದ್ದರಿಂದ ಪ್ರತಿಯೊಂದು ತಂತಿಯನ್ನೂ ಅಳೆದು ಕತ್ತರಿಸಿ ಕೈಯಿಂದಲೇ ಜೋಡಿಸಬೇಕಿತ್ತು. ಚಿಪ್ಪೆವಾ ಫಾಲ್ಸ್‌ನ ಕಾರ್ಖಾನೆಯಲ್ಲಿ ಈ ಸೂಕ್ಷ್ಮ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಹೆಂಗಸರು. ಅವರ ಬೆರಳುಗಳ ತಾಳ್ಮೆಯಿಲ್ಲದೆ ಕ್ರೇ-1 ಇಲ್ಲ.

ಒಳಗಿನ ಸರಳತೆಯೂ ಅಷ್ಟೇ ದೊಡ್ಡ ಮಾತು. ಇಡೀ ಯಂತ್ರದಲ್ಲಿದ್ದ 1,662 ಬೋರ್ಡುಗಳಿಗೆ ಬಳಸಿದ ಚಿಪ್ಪುಗಳ ಬಗೆ ನಾಲ್ಕೇ ನಾಲ್ಕು. ವೇಗದ ಈ ಚಿಪ್ಪುಗಳು ವಿಪರೀತ ವಿದ್ಯುತ್ ನುಂಗಿ ಕಾಯುತ್ತಿದ್ದವು. ಬೋರ್ಡುಗಳ ನಡುವೆ ತಾಮ್ರದ ತಗಡು, ತಗಡಿನ ಅಂಚಿಗೆ ಅಲ್ಯೂಮಿನಿಯಂ ಪಟ್ಟಿ, ಪಟ್ಟಿಯೊಳಗಿನ ಸ್ಟೀಲ್ ಕೊಳವೆಯಲ್ಲಿ ಫ್ರಿಯಾನ್. ಆರಂಭದಲ್ಲಿ ಕೊಳವೆಯ ಬೆಸುಗೆಯಲ್ಲಿ ಸೋರಿಕೆಯಾಗಿ ಫ್ರಿಯಾನ್ ಜೊತೆಗಿದ್ದ ಎಣ್ಣೆ ಬೋರ್ಡುಗಳ ಮೇಲೆ ಹರಡುತ್ತಿತ್ತು. ಅದನ್ನು ಸರಿಪಡಿಸಲು ತಿಂಗಳುಗಟ್ಟಲೆ ಹಿಡಿಯಿತು. ಚಿಪ್ಪು ಯಾವ ಸ್ಥಿತಿಯಲ್ಲಿದ್ದರೂ ಎಳೆಯುವ ವಿದ್ಯುತ್ ಒಂದೇ ಸಮ ಇರುವಂತೆ ಸರ್ಕ್ಯೂಟ್ ರೂಪಿಸಿದ್ದು ಕ್ರೇ ಅವರ ಇನ್ನೊಂದು ಜಾಣ್ಮೆ. ಇದರಿಂದ ವಿದ್ಯುತ್ತಿನ ಕದಲಿಕೆ ಸಂಕೇತಗಳನ್ನು ಕೆಡಿಸುವುದು ತಪ್ಪಿತು.

ಮೊದಲ ಯಂತ್ರ ಪರೀಕ್ಷೆಗೆಂದು ಲಾಸ್ ಅಲಮೋಸ್ ಪ್ರಯೋಗಾಲಯಕ್ಕೆ ಹೋಯಿತು. ಅದರ ಮೆಮೊರಿ ತಪ್ಪನ್ನು ಪತ್ತೆ ಹಚ್ಚುತ್ತಿತ್ತು, ತಿದ್ದುತ್ತಿರಲಿಲ್ಲ. ತಿದ್ದುವ ವ್ಯವಸ್ಥೆಗೆ ಹೆಚ್ಚು ಸರ್ಕ್ಯೂಟು ಬೇಕು, ಅದು ವೇಗವನ್ನು ತಿನ್ನುತ್ತದೆ ಎಂಬುದು ಕ್ರೇ ಅವರ ಹಳೆಯ ನಿಲುವು. ಲಾಸ್ ಅಲಮೋಸ್‌ನ ಅನುಭವ ಅದನ್ನು ಬದಲಿಸಿತು. ಮುಂದಿನ ಯಂತ್ರಗಳಿಗೆ ತಪ್ಪು ತಿದ್ದುವ ಮೆಮೊರಿ ಬಂತು. ಪೂರ್ತಿ ಬೆಲೆ ಕೊಟ್ಟು ಕೊಂಡ ಮೊದಲ ಗಿರಾಕಿ ಕೊಲರಾಡೋದ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಕೇಂದ್ರ, 1977ರಲ್ಲಿ. ಡಿಸ್ಕುಗಳೂ ಸೇರಿ ಬೆಲೆ 88 ಲಕ್ಷ ಡಾಲರ್ ದಾಟಿತ್ತು. ಬೆರಳೆಣಿಕೆಯಷ್ಟು ಮಾರಾಟವಾದೀತೆಂದು ಅಂದುಕೊಂಡಿದ್ದ ಈ ವಿನ್ಯಾಸದ ಯಂತ್ರಗಳು ಕೊನೆಗೆ 80ಕ್ಕೂ ಹೆಚ್ಚು ಹೋದವು.

ಆಡಳಿತವನ್ನು ಜಾನ್ ರೋಲ್‌ವ್ಯಾಗನ್ ಅವರಿಗೆ ಬಿಟ್ಟು ಕ್ರೇ ಮತ್ತೆ ಹಾಳೆ ಪೆನ್ಸಿಲ್ಲಿಗೆ ಮರಳಿದರು. 1985ರ ಕ್ರೇ-2ರಲ್ಲಿ ನಾಲ್ಕು ಪ್ರೊಸೆಸರುಗಳು. ಬೋರ್ಡುಗಳು ಎಷ್ಟು ಒತ್ತಾಗಿದ್ದವೆಂದರೆ ಕೊಳವೆ ಹಾಯಿಸಲು ಜಾಗವಿರಲಿಲ್ಲ. ವಿದ್ಯುತ್ ಹರಿಯಗೊಡದ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಇಡೀ ಸರ್ಕ್ಯೂಟನ್ನೇ ಮುಳುಗಿಸಿಟ್ಟರು. ಅಷ್ಟರಲ್ಲಿ ಅದೇ ಕಂಪನಿಯ ಸ್ಟೀವ್ ಚೆನ್, ಕ್ರೇ-1ರ ವಿನ್ಯಾಸವನ್ನೇ ಬೆಳೆಸಿ 1982ರಲ್ಲಿ ಎಕ್ಸ್-ಎಂಪಿ ತಂದಿದ್ದರು. ಪ್ರತಿಸಲವೂ ಖಾಲಿ ಹಾಳೆಯಿಂದ ಶುರುಮಾಡುವ ಕ್ರೇ ದಾರಿಗಿಂತ ಹಂತಹಂತವಾಗಿ ತಿದ್ದುವ ಚೆನ್ ದಾರಿ ಹೆಚ್ಚು ಗಿರಾಕಿಗಳನ್ನು ತಂದಿತು.

ಭಾರತದ ಕಥೆಗೂ ಸೇರುವುದು ಈ ಎಕ್ಸ್-ಎಂಪಿಯೇ. ಮುಂಗಾರಿನ ಮುನ್ಸೂಚನೆಗಾಗಿ ಭಾರತ ಕೇಳಿದ್ದು ಎರಡು ಪ್ರೊಸೆಸರುಗಳ ಮಾದರಿ. ಅಣ್ವಸ್ತ್ರದ ಶಂಕೆಯಿಂದ ಅಮೆರಿಕ ಒಂದು ಪ್ರೊಸೆಸರಿನದಕ್ಕೆ ಮಾತ್ರ, ಅದೂ ಷರತ್ತುಗಳೊಂದಿಗೆ ಒಪ್ಪಿತು. ಆ ಯಂತ್ರ ದೆಹಲಿಯ ಹವಾಮಾನ ಕೇಂದ್ರಕ್ಕೆ ಬಂತು. ಇದರ ನಡುವೆ ಬೆಂಗಳೂರಿನ ವಿಮಾನಯಾನ ಪ್ರಯೋಗಾಲಯವಾದ ಎನ್‌ಎಎಲ್‌ನಲ್ಲಿ, ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಸಿದ್ಧವಾಗಿತ್ತು. ಪುಣೆಯಲ್ಲಿ 1988ರಲ್ಲಿ ಆರಂಭವಾದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ತಂದಿತು. ಎರಡೂ ನಂಬಿದ್ದು ಹಲವು ಸಾಮಾನ್ಯ ಪ್ರೊಸೆಸರುಗಳನ್ನು ಒಟ್ಟಿಗೆ ದುಡಿಸುವ ಮಾರ್ಗವನ್ನು. ಕೆಲವೇ ಆದರೂ ಅತಿ ಬಲಶಾಲಿ ಪ್ರೊಸೆಸರು ಸಾಕೆನ್ನುತ್ತಿದ್ದ ಕ್ರೇ ಈ ಮಾರ್ಗವನ್ನು ಬಹುಕಾಲ ಒಪ್ಪಿರಲಿಲ್ಲ.

ಆ ಹಟದ ಬೆಲೆಯನ್ನು ಅವರು ಕ್ರೇ-3ರಲ್ಲಿ ತೆತ್ತರು. ಸಿಲಿಕಾನ್ ಬಿಟ್ಟು ಗ್ಯಾಲಿಯಂ ಆರ್ಸೆನೈಡ್‌ನಿಂದ ಚಿಪ್ಪು ಮಾಡುವ ಸಾಹಸ ಅದು. ಇದರ ಜೊತೆಗೆ ಇನ್ನೊಂದು ದೊಡ್ಡ ಯೋಜನೆಯ ಖರ್ಚನ್ನೂ ತಾಳಲಾರದೆ ಕ್ರೇ ರಿಸರ್ಚ್ 1989ರಲ್ಲಿ ಅವರ ತಂಡವನ್ನು ಬೇರೆ ಕಂಪನಿ ಮಾಡಿ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ನೆಲೆಗೊಳಿಸಿತು. ಶೀತಲ ಸಮರ ಮುಗಿದು ರಕ್ಷಣಾ ಪ್ರಯೋಗಾಲಯಗಳ ಕೈ ಬಿಗಿಯಾಯಿತು. ಲಿವರ್‌ಮೋರ್ ಪ್ರಯೋಗಾಲಯ 1991ರಲ್ಲಿ ತನ್ನ ಆರ್ಡರ್ ರದ್ದು ಮಾಡಿತು. ಅಗ್ಗದ ಮೈಕ್ರೋಪ್ರೊಸೆಸರುಗಳು ವರ್ಷವರ್ಷಕ್ಕೂ ಬಲಿಯುತ್ತಿದ್ದವು. ಗಿರಾಕಿಯ ಮನೆ ಸೇರಿದ್ದು ಒಂದೇ ಒಂದು ಕ್ರೇ-3, 1993ರಲ್ಲಿ. 1995ರ ಮಾರ್ಚಿನಲ್ಲಿ ಕಂಪನಿ ದಿವಾಳಿಯಾಯಿತು. ಎಪ್ಪತ್ತು ದಾಟಿದ ಕ್ರೇ ಮರುವರ್ಷವೇ ಇನ್ನೊಂದು ಕಂಪನಿ ತೆರೆದರು, ಈ ಸಲ ಸಾಮಾನ್ಯ ಪ್ರೊಸೆಸರುಗಳನ್ನು ಜೋಡಿಸುವ ದಾರಿಯಲ್ಲೇ. 1996ರ ಸೆಪ್ಟೆಂಬರ್ 22ರಂದು ಹೆದ್ದಾರಿಯಲ್ಲಿ ಅವರ ವಾಹನ ಅಪಘಾತಕ್ಕೀಡಾಯಿತು. ಅಕ್ಟೋಬರ್ 5ರಂದು ತೀರಿಕೊಂಡರು.

ಕ್ರೇ ಹೆಸರು ಕೈಯಿಂದ ಕೈಗೆ ದಾಟಿ 2019ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಪಾಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2015ರಲ್ಲಿ ಸ್ಥಾಪಿಸಿದ ಸಹಸ್ರ-ಟಿ ಕೂಡ ಕ್ರೇ ಕಂಪನಿಯದೇ, ಎಕ್ಸ್‌ಸಿ40 ಮಾದರಿ. ಅದರೊಳಗೆ ಇದ್ದದ್ದು ಸಾವಿರಾರು ಸಾಮಾನ್ಯ ಪ್ರೊಸೆಸರ್ ಕೋರುಗಳು. ಯಂತ್ರ ಕಟ್ಟುವ ಈ ವಾದದಲ್ಲಿ ಕ್ರೇ ಸೋತರು ಎನ್ನಬೇಕು. ಪ್ರೊಸೆಸರಿನ ಒಳಗಿನ ವಾದದಲ್ಲಿ ಗೆದ್ದವರು ಅವರೇ: ಸಂಖ್ಯೆಗಳನ್ನು ರಿಜಿಸ್ಟರಿಗೆ ತಂದು ಅಲ್ಲೇ ಲೆಕ್ಕ ಮುಗಿಸುವ 6600ರ ಪದ್ಧತಿ, ಒಂದೇ ಆದೇಶದಿಂದ ಸಂಖ್ಯೆಗಳ ಸಾಲನ್ನೇ ಸಂಸ್ಕರಿಸುವ ಕ್ರೇ-1ರ ಪದ್ಧತಿ, ಇವೆರಡೂ ಈಗ ಮೊಬೈಲ್ ಫೋನಿನ ಚಿಪ್ಪಿನಲ್ಲೂ ಇವೆ.