ಪದ ಪರಿಚಯ: ಕೆಚ್ಚಲು ಬಾವು

ಕರೆಯುವ ಹಸು, ಎಮ್ಮೆಗಳ ಕೆಚ್ಚಲು ಊದಿ ಬಿಸಿಯಾಗಿ, ಹಾಲು ಗರಣೆಗಟ್ಟಿ ಬರುವ ರೋಗ. ‘ಊದು’ ಎಂಬರ್ಥದ ಹಳೆಯ ಧಾತುವಿನಿಂದ ಬಂದದ್ದು ‘ಬಾವು’. ‘ಕಾಲು ಬಾತಿದೆ’ ಎನ್ನುವಾಗ ಬಳಸುವುದೂ ಅದನ್ನೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ಎಮ್ಮೆ ಕಟ್ಟಿದವರಿಗೆ ಇದು ಗೊತ್ತಿರುವ ಸಂಕಟ. ಹೊರಗೆ ಕಾಣದೆ ಇರುವುದು ‘ಸುಪ್ತ ಕೆಚ್ಚಲು ಬಾವು’: ಹಾಲಿಗೆ ಮಾರ್ಜಕದ ದ್ರಾವಣ ಬೆರೆಸಿ ತಟ್ಟೆ ಅಲುಗಿಸಿದರೆ ಲೋಳೆಯಾಗಿ, ಗುಟ್ಟು ರಟ್ಟಾಗುತ್ತದೆ.

ಈ ರೋಗದ ಮುಖ್ಯ ಕಾರಣಗಳಲ್ಲೊಂದು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಗ್ರೀಕಿನಲ್ಲಿ ‘ಸ್ಟ್ಯಾಫಿಲೆ’ ದ್ರಾಕ್ಷಿ ಗೊಂಚಲು, ‘ಕೊಕ್ಕೊಸ್’ ಕಾಳು; ‘ಸ್ಟ್ಯಾಫಿಲೊಕಾಕಸ್’ 1880ರ ದಶಕದಲ್ಲಿ ಅಲೆಕ್ಸಾಂಡರ್ ಆಗ್‌ಸ್ಟನ್ ಇಟ್ಟ ಹೆಸರು. ಈ ಜೀವಿ ನಮ್ಮ ಮೂಗಿನಲ್ಲೂ ಚರ್ಮದ ಮೇಲೂ ಇರುತ್ತದೆ. ಮೆಥಿಸಿಲಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಬಗ್ಗದ ತಳಿ 1961ರಲ್ಲಿ ಬ್ರಿಟನ್ನಿನಿಂದ ವರದಿಯಾಯಿತು. ಏಳು ಜೀನ್‌ಗಳನ್ನು ಓದಿ ತಳಿಗಳಿಗೆ ‘ಎಸ್‌ಟಿ’ (ಸೀಕ್ವೆನ್ಸ್ ಟೈಪ್) ಸಂಖ್ಯೆ ಕೊಡುತ್ತಾರೆ: ಯುರೋಪಿನ ಹಂದಿಗಳಲ್ಲಿ 398 ಹೆಸರಾಯಿತು, ಭಾರತದ ರೋಗಿಗಳಲ್ಲಿ 22 ಮತ್ತು 772 ಹೆಚ್ಚು ಕಂಡಿವೆ. ತಳಿಗಳು ದನದಿಂದ ಮನುಷ್ಯನಿಗೆ, ಮನುಷ್ಯನಿಂದ ದನಕ್ಕೆ ದಾಟಬಲ್ಲವು.

ಆದ್ದರಿಂದ ಹಿಂಡುವ ಮುಂಚೆ ಕೈಯನ್ನೂ ಮೊಲೆತೊಟ್ಟನ್ನೂ ತೊಳೆಯಬೇಕು; ಪಶುವೈದ್ಯರನ್ನು ಕೇಳದೆ ಆ್ಯಂಟಿಬಯಾಟಿಕ್ ಕೊಡಬಾರದು; ಕೊಟ್ಟ ಮೇಲೆ ಅವರು ಹೇಳಿದಷ್ಟು ದಿನ ಆ ದನದ ಹಾಲನ್ನು ಡೈರಿಗೂ ಮನೆಗೂ ಬಳಸಬಾರದು.