ಮಾಳಿಗೆ ಮನೆಯ ತಂಪು ಎಲ್ಲಿ ಹೋಯಿತು?

ಬಳ್ಳಾರಿ, ರಾಯಚೂರು ಕಡೆ ನಮ್ಮ ಅಜ್ಜಂದಿರು ಕಟ್ಟಿದ್ದು ಮಾಳಿಗೆ ಮನೆ. ದಪ್ಪ ಗೋಡೆ, ತೊಲೆ, ಜಂತಿ, ಅದರ ಮೇಲೆ ಗೇಣು ದಪ್ಪ ಚೌಳು ಮಣ್ಣು. ಹಗಲಿನ ಬಿಸಿಲು ಆ ಮಣ್ಣು ದಾಟಿ ಒಳಗಿಳಿಯುವಷ್ಟರಲ್ಲಿ ರಾತ್ರಿಯಾಗುತ್ತಿತ್ತು. ಸೆಕೆ ಗವಾಕ್ಷಿಯಿಂದ ಹೊರಗೆ ಹೋಗುತ್ತಿತ್ತು.

ಮಳೆಗೆ ಸೋರುವ ಕಾಟ, ವರ್ಷಾ ವರ್ಷಾ ಮಣ್ಣು ಹೊರುವ ದುಡಿಮೆ ಸಾಕಾಗಿ ನಾವೇ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಿದೆವು. ಅದು ತಪ್ಪಲ್ಲ. ಆದರೆ ನಾಲ್ಕೈದು ಇಂಚಿನ ಸ್ಲ್ಯಾಬ್ ಹಗಲೆಲ್ಲ ಕಾದು, ರಾತ್ರಿ ಆ ಬಿಸಿಯನ್ನು ನಮ್ಮ ಮೇಲೆ ಇಳಿಸುತ್ತದೆ. ಫ್ಯಾನಿಗೆ ಬಿಡುವಿಲ್ಲ, ಕರೆಂಟ್ ಬಿಲ್ಲಿಗೂ ಇಲ್ಲ.

ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ನೀತಿ ತಂದಿತು. ಚಾವಣಿ ಬೆಳ್ಳಗಿದ್ದರೆ ಬಿಸಿಲು ಹೀರುವುದು ಕಡಿಮೆ. ಅಜ್ಜನ ಮಣ್ಣು ಮತ್ತೆ ಹೊರಲಾರೆವು, ಸರಿ. ಯುಗಾದಿಗೆ ಗೋಡೆಗೆ ಬಳಿಯುವ ಸುಣ್ಣವನ್ನು ಸ್ಲ್ಯಾಬಿನ ಮೇಲೂ ಬಳಿಯಬಹುದಲ್ಲ?