ಹೊಸ ಅಣೆಕಟ್ಟಿನ ಜಾಗದಲ್ಲಿ ಸಿಕ್ಕ ಹಳೇ ತೂಬು

ಕೆರೆಗಳ ಬಗ್ಗೆ ಬರೆಯಲು ಹಳ್ಳಿಗಳಿಗೆ ಹೋದಾಗ ನಾವು ಏರಿ ನೋಡುತ್ತೇವೆ, ಕೋಡಿ ನೋಡುತ್ತೇವೆ. ತೂಬಿನ ಕಡೆ ಹೋಗುವುದು ಕಡಿಮೆ. ಕೆರೆಯ ನೀರನ್ನು ಅಳೆದು ಗದ್ದೆಗೆ ಬಿಡುವುದು ಅದೇ ಆದರೂ, ಬಹುಪಾಲು ಏರಿಯೊಳಗೆ ಹೂತಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಶ್ರೀಲಂಕಾದಲ್ಲಿ ಇಂಥದೊಂದು ತೂಬು ಕಾಣಿಸಿಕೊಂಡ ಕಥೆ ಇಲ್ಲಿದೆ.

ಮಹಾವೇಲಿ ನದಿಯ ನೀರನ್ನು ಒಣ ಪ್ರದೇಶಗಳಿಗೆ ಹರಿಸಲು ಆ ದೇಶ 30 ವರ್ಷಗಳ ಯೋಜನೆ ಹಾಕಿಕೊಂಡಿತ್ತು. 1977ರಲ್ಲಿ ಬಂದ ಹೊಸ ಸರ್ಕಾರ ಅದನ್ನು ಆರು ವರ್ಷಕ್ಕೆ ಇಳಿಸಿತು. ಈ ಅವಸರದಲ್ಲಿ ಕೈಗೆತ್ತಿಕೊಂಡ ಕೆಲಸಗಳಲ್ಲಿ ಪೂರ್ವ ಭಾಗದ ಮಾದುರು ಓಯ ಅಣೆಕಟ್ಟೂ ಒಂದು. 'ಓಯ' ಎಂದರೆ ಸಿಂಹಳದಲ್ಲಿ ಹೊಳೆ. ಕೆನಡಾ ನೆರವು ಕೊಟ್ಟಿತು.

ಎಂಜಿನಿಯರ್‌ಗಳು ಆರಿಸಿದ ಜಾಗದಲ್ಲೇ ಕಾಡು ಮುಚ್ಚಿದ ಹಳೆಯ ಮಣ್ಣಿನ ಏರಿಯೊಂದಿತ್ತು. ಹೊಳೆ ಹರಿಯುವ ಕಡೆ ಅದು ಒಡೆದುಹೋಗಿತ್ತು. ಕೆಲಸ ಶುರುವಾಗಿ ಮಣ್ಣು ತೆಗೆದಾಗ ಅದರ ಒಡಲಲ್ಲಿ ಕಲ್ಲು, ಇಟ್ಟಿಗೆಗಳಿಂದ ಕಟ್ಟಿದ ಪುರಾತನ ತೂಬು ಸಿಕ್ಕಿತು. ಆಧುನಿಕ ಸರ್ವೆ ತೋರಿಸಿದ ಜಾಗವನ್ನು ಯಾರೋ ನೂರಾರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು!

ದೊಡ್ಡ ಕೆರೆಗೆ ತೂಬು ಇಡುವುದು ಸುಲಭವಲ್ಲ. ನೀರು ಆಳವಾದಷ್ಟೂ ಒತ್ತಡ ಹೆಚ್ಚು. ಆ ರಭಸ ತಡೆಯದಿದ್ದರೆ ನೀರು ಏರಿಯನ್ನೇ ಕೊರೆದುಬಿಡುತ್ತದೆ. ಇದಕ್ಕೆ ಸಿಂಹಳದ ಕುಶಲಿಗಳು ಕಂಡುಕೊಂಡ ಉಪಾಯ 'ಬಿಸೋಕೊಟುವ'. ಇದು ಏರಿಯೊಳಗೆ ಬಾವಿಯಂತೆ ಇಳಿಬಿಟ್ಟ, ಕಲ್ಲುಚಪ್ಪಡಿ ಹೊದಿಸಿದ ಚೌಕದ ಗುಂಡಿ. ಕೆರೆಯ ನೀರು ಮೊದಲು ಇಲ್ಲಿಗೆ ಬಂದು ರಭಸ ಕಳೆದುಕೊಂಡು, ಆಮೇಲೆ ಕಾಲುವೆಗೆ ಹೋಗುತ್ತದೆ. ಎಷ್ಟು ನೀರು ಬಿಡಬೇಕೆಂಬ ಹಿಡಿತವೂ ಇಲ್ಲೇ. ಬ್ರಿಟಿಷರ ಕಾಲದಲ್ಲಿ ಅಲ್ಲಿನ ನೀರಾವರಿ ಇಲಾಖೆಯಲ್ಲಿದ್ದ ಹೆನ್ರಿ ಪಾರ್ಕರ್ 1909ರ ತಮ್ಮ ಪುಸ್ತಕದಲ್ಲಿ, ಇದನ್ನು ಮೊದಲು ಕಂಡುಹಿಡಿದವರು ಸಿಂಹಳದವರೇ ಎಂದು ಬರೆದರು.

ಹೊಸ ಅಣೆಕಟ್ಟು 1983ರಲ್ಲಿ ಮುಗಿಯಿತು. ಹಳೆಯ ತೂಬನ್ನು ಉಳಿಸಿಕೊಂಡರು. ಈಗ ಪ್ರವಾಸಿಗರು ಅದನ್ನು ನೋಡಲು ಹೋಗುತ್ತಾರೆ.

ಆದರೆ ಅದೇ 1983ರಲ್ಲಿ ಸುತ್ತಲಿನ ಕಾಡು ಮಾದುರು ಓಯ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಬೇಟೆಯಾಡಿ, ಜೇನು ಕಿತ್ತು ಬದುಕಿದ್ದವರು ವೆದ್ದ ಸಮುದಾಯದವರು, ಆ ದ್ವೀಪದ ಮೂಲನಿವಾಸಿಗಳು. ಉದ್ಯಾನದ ಕಾನೂನು ಬಂದ ಮೇಲೆ ಅವರ ಕಸುಬು ಅಪರಾಧವಾಯಿತು. ಹಲವು ಕುಟುಂಬಗಳನ್ನು ಹೆನಾನಿಗಲದಂಥ ನೀರಾವರಿ ಕಾಲೊನಿಗಳಿಗೆ ಸಾಗಿಸಲಾಯಿತು. ದಂಬಾನದ ಹಿರಿಯ ತಿಸಹಾಮಿ ಮತ್ತು ಕೆಲವರು ಮಾತ್ರ ಹೋಗಲು ಒಪ್ಪಲಿಲ್ಲ.

ತೂಬಿನ ಸುದ್ದಿಯ ಜೊತೆಗೇ ಇದನ್ನೂ ಹೇಳಬೇಕು ಅನ್ನಿಸಿತು. ಮಣ್ಣಿನಡಿ ಸಿಕ್ಕ ಹಿಂದಿನವರ ಜಾಣ್ಮೆಗೆ ಎಲ್ಲರೂ ತಲೆದೂಗಿದರು. ಆ ಕಾಡನ್ನು ಬಲ್ಲ ಜೀವಂತ ಮನುಷ್ಯರಿಗೆ ಮಾತ್ರ ಜಾಗ ಖಾಲಿ ಮಾಡಿ ಎಂದರು. ಸುದ್ದಿ ಬರೆಯುವ ನಾವೂ ಅಣೆಕಟ್ಟಿನ ಎತ್ತರ, ನೀರಾವರಿಯಾಗುವ ಎಕರೆ ಕೇಳಿಕೊಂಡು ವಾಪಸಾಗುವುದೇ ಹೆಚ್ಚು.

ನಿಮ್ಮೂರ ಕೆರೆಯ ಹೂಳೆತ್ತಲು ಜೆಸಿಬಿ ಬರುವುದಿದ್ದರೆ, ಅದಕ್ಕೂ ಮುಂಚೆ ಒಮ್ಮೆ ತೂಬಿನ ಹತ್ತಿರ ಹೋಗಿ ಫೋಟೊ ತೆಗೆದಿಡಿ. ನೀರುಗಂಟಿ ಇನ್ನೂ ಇದ್ದರೆ ಅವರ ಪಕ್ಕ ಕೂತು, ಅವರು ಹೇಳಿದ್ದನ್ನು ಬರೆದುಕೊಳ್ಳಿ.